ಮಾತ್ರೆ ಬರೆಯುವವರು ಹಲವರು, ಬಿಡಿಸುವವರಾರು?

ಬಾಬುರಾಯನಕೊಪ್ಪಲಿನಿಂದ ಒಂದು ಕಡೆಗೆ ಮೈಸೂರು, ಇನ್ನೊಂದು ಕಡೆಗೆ ಮಂಡ್ಯ, ಎರಡೂ ದೂರವಲ್ಲ. ಹೃದಯಕ್ಕೆ ಒಂದು ಆಸ್ಪತ್ರೆ, ಮಂಡಿನೋವಿಗೆ ಮತ್ತೊಂದು, ಸಕ್ಕರೆ ಕಾಯಿಲೆಗೆ ಸರ್ಕಾರಿ ಆರೋಗ್ಯ ಕೇಂದ್ರ ಎಂದು ನಮ್ಮ ಭಾಗದ ಹಿರಿಯರು ಎಲ್ಲೆಡೆ ಹೋಗಿಬರುತ್ತಾರೆ. ಹಿಂದಿನ ತಲೆಮಾರಿಗೆ ಈ ಅನುಕೂಲ ಇರಲಿಲ್ಲ. ಆದರೆ ಹೋದ ಬಾಗಿಲಿನಿಂದೆಲ್ಲ ಒಂದೊಂದು ಚೀಟಿ ಮನೆಗೆ ಬರುತ್ತದೆ. ಎಪ್ಪತ್ತೈದು ದಾಟಿದವರ ಪ್ಲಾಸ್ಟಿಕ್ ಕವರಿನಲ್ಲಿ ಹತ್ತು ಬಗೆಯ ಮಾತ್ರೆಗಳಿರುವುದು ಈಗ ಅಪರೂಪವಲ್ಲ.

ವಯಸ್ಸಾದಂತೆ ಮೂತ್ರಪಿಂಡಗಳ ಶಕ್ತಿ ಕುಗ್ಗಿ, ಔಷಧಿಯು ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಐವತ್ತರಲ್ಲಿ ಒಗ್ಗಿದ ಪ್ರಮಾಣ ಎಂಬತ್ತರಲ್ಲಿ ಅತಿಯಾಗಬಹುದು. ರಕ್ತದೊತ್ತಡಕ್ಕೆ ಕೊಡುವ ಆಮ್ಲೊಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಅದನ್ನು ಹೊಸ ರೋಗವೆಂದೆಣಿಸಿದರೆ ಮೂತ್ರ ಹೆಚ್ಚಿಸುವ ಮಾತ್ರೆ ಸೇರುತ್ತದೆ. ರಾತ್ರಿ ಏಳಬೇಕಾಗಿ ನಿದ್ರೆ ಕೆಡುತ್ತದೆ. ನಿದ್ರೆಗೆ ಮತ್ತೊಂದು ಮಾತ್ರೆ. ಆ ಮಂಪರಿನಲ್ಲಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ಶ್ರಾವಣ ಸೋಮವಾರವೋ ಶಿವರಾತ್ರಿಯೋ ಬಂದಾಗ ಉಪವಾಸವಿದ್ದೂ ಗ್ಲೈಬೆನ್‌ಕ್ಲಮೈಡ್‌ನಂತಹ ಸಕ್ಕರೆ ಮಾತ್ರೆಯನ್ನು ತಪ್ಪದೆ ನುಂಗುವ ತಾಯಂದಿರಿದ್ದಾರೆ. ರಕ್ತದ ಸಕ್ಕರೆ ಕುಸಿದು ಅವರು ಬೆವತು ಬಿದ್ದಾಗ ಮನೆಯವರು ಅದನ್ನು ನಿಶ್ಶಕ್ತಿ ಎನ್ನುತ್ತಾರೆ.

ವೈದ್ಯರಿಗೆ ಇದು ತಿಳಿಯದೆಂದಲ್ಲ. ಹಿರಿಯರಿಗೆ ಹೊಂದದ ಔಷಧಿಗಳ ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬೀರ್ಸ್ ಮತ್ತು ಸಂಗಡಿಗರು 1991ರಲ್ಲಿಯೇ ಪ್ರಕಟಿಸಿದರು. ಅದು 2023ರಲ್ಲಿಯೂ ಪರಿಷ್ಕೃತವಾಗಿದೆ. ತಿಳಿವಳಿಕೆ ಇದೆ, ಕೈ ಮುಂದಾಗುವುದಿಲ್ಲ. ಹೃದಯತಜ್ಞರು ಬರೆದುದನ್ನು ಮೂಳೆ ವೈದ್ಯರು ಮುಟ್ಟುವುದಿಲ್ಲ; ದೊಡ್ಡ ಆಸ್ಪತ್ರೆಯ ಚೀಟಿಯನ್ನು ಊರಿನ ವೈದ್ಯರು ತಿದ್ದುವುದಿಲ್ಲ. ನಿಲ್ಲಿಸಿದ ಮೇಲೆ ಏನಾದರೂ ಆದರೆ ಹೊಣೆ ತಮ್ಮ ಮೇಲೆ ಬರುತ್ತದೆಂಬ ಅಳುಕು ಎಲ್ಲರಿಗೂ ಉಂಟು. ಮಾತ್ರೆಯನ್ನು ಏಕೆ, ಎಷ್ಟು ದಿನಕ್ಕೆಂದು ಆರಂಭಿಸಿದರು ಎಂಬುದು ಚೀಟಿಯಲ್ಲಿ ಇರುವುದೂ ಕಡಿಮೆ. ಎರಡು ವಾರಕ್ಕೆಂದು ಕೊಟ್ಟ ಗ್ಯಾಸ್ ಮಾತ್ರೆ ಹೀಗೆಯೇ ವರ್ಷಗಟ್ಟಲೆ ಮುಂದುವರಿಯುತ್ತದೆ. ರೋಗಿಗಳೂ ಕಡಿಮೆಯವರಲ್ಲ: ಮಾತ್ರೆ ಕೊಡದೆ ಬರಿಯ ಮಾತಾಡಿ ಕಳುಹಿಸಿದ ವೈದ್ಯನ ಬಳಿಗೆ ಎರಡನೆಯ ಸಲ ಯಾರು ಹೋಗುತ್ತಾರೆ?

ಆಯುರ್ವೇದದವರಾದ ನಾವು ಇದನ್ನೆಲ್ಲ ಪಕ್ಕದ ಮನೆಯ ಜಗಳದಂತೆ ನೋಡುತ್ತ ಕೂರಲಾಗದು. ಒಂದು ರೋಗವನ್ನಡಗಿಸಿ ಇನ್ನೊಂದನ್ನೆಬ್ಬಿಸುವುದು ಶುದ್ಧ ಚಿಕಿತ್ಸೆಯಲ್ಲವೆಂಬ ವಿಚಾರ ಚರಕಸಂಹಿತೆಯಲ್ಲಿದೆ. ಆ ಮಾತು ಮೊದಲು ಅನ್ವಯಿಸುವುದು ನಮಗೇ. ಲವಣಭಾಸ್ಕರ ಚೂರ್ಣದಲ್ಲಿ ಉಪ್ಪಿದೆ, ಅರಿಷ್ಟಗಳಲ್ಲಿ ಬೆಲ್ಲವಿದೆ, ಜ್ಯೇಷ್ಠಮಧು ಬಹುಕಾಲ ಸೇವಿಸಿದರೆ ರಕ್ತದೊತ್ತಡ ಏರಬಹುದು. ಇವುಗಳಿಂದ ಅಡ್ಡಪರಿಣಾಮವಿಲ್ಲವೆಂದು ಹೇಳಿ ಹತ್ತು ಮಾತ್ರೆಗಳ ಮೇಲೆ ಮೂರು ಡಬ್ಬಿ ಪೇರಿಸುವುದು ಸೇವೆಯಲ್ಲ. ಅಲೋಪತಿಯನ್ನೆಲ್ಲ ಬಿಸಾಡಿರೆನ್ನುವವರು ಇನ್ನೂ ಅಪಾಯಕಾರಿಗಳು. ಅಟೆನೊಲಾಲ್‌ನಂತಹ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಎದೆನೋವು ಮರುಕಳಿಸಬಹುದು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರುವ ಮಾತ್ರೆಯನ್ನು ತಾವಾಗಿ ಬಿಟ್ಟರೆ ಪ್ರಾಣಕ್ಕೇ ಕುತ್ತು. ಅಪಸ್ಮಾರದ ಮಾತ್ರೆ, ಸ್ಟೆರಾಯ್ಡ್, ಬಹುದಿನ ನುಂಗಿದ ನಿದ್ರೆ ಮಾತ್ರೆ ಇವನ್ನೂ ಹಠಾತ್ತನೆ ನಿಲ್ಲಿಸಕೂಡದು. ಇಳಿಸುವುದಾದರೆ ವೈದ್ಯರ ಕಣ್ಣೆದುರು, ಒಂದೊಂದಾಗಿ, ಮೆಲ್ಲಮೆಲ್ಲನೆ.

ಇದಕ್ಕೆ ದಾರಿಗಳು ನಮ್ಮ ಸಮೀಪದಲ್ಲೇ ಇವೆ. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದಲ್ಲಿಯೇ ಔಷಧತಜ್ಞರನ್ನು ಆಸ್ಪತ್ರೆಯ ವಾರ್ಡುಗಳಲ್ಲಿ ತೊಡಗಿಸುವ ಸ್ನಾತಕೋತ್ತರ ಶಿಕ್ಷಣವನ್ನು ಆರಂಭಿಸಿತು. ರೋಗಿಯ ಚೀಟಿಗಳನ್ನು ಒಟ್ಟಿಗೆ ಓದಿ, ಒಂದಕ್ಕೊಂದು ಹೊಂದದುದನ್ನು ವೈದ್ಯರ ಗಮನಕ್ಕೆ ತರುವುದು ಅವರ ಕೆಲಸ. ಅಂಥವರು ತಾಲ್ಲೂಕು ಆಸ್ಪತ್ರೆಗೂ ಬೇಕು. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾದ ಸರ್ಕಾರದ ಗೃಹ ಆರೋಗ್ಯ ಯೋಜನೆಯು ಬಿ.ಪಿ., ಸಕ್ಕರೆಗಳ ತಪಾಸಣೆಯನ್ನು ಮನೆಬಾಗಿಲಿಗೆ ತಂದಿದೆ. ಒಳ್ಳೆಯ ಕೆಲಸ. ಹಾಗೆ ಮನೆಗೆ ಬಂದವರು ಮಾತ್ರೆಗಳ ಕವರನ್ನೂ ಬಿಚ್ಚಿ ನೋಡಿ, ಇರುವುದನ್ನೆಲ್ಲ ಬರೆದು ವೈದ್ಯರಿಗೆ ತಲುಪಿಸುವಂತಾಗಬೇಕೆಂಬುದು ನಮ್ಮ ಆಗ್ರಹ.

ಭಕ್ತಾದಿಗಳು ಆರು ತಿಂಗಳಿಗೊಮ್ಮೆ ಮನೆಯ ಹಿರಿಯರ ಎಲ್ಲ ಮಾತ್ರೆ, ಚೂರ್ಣ, ಲೇಹ್ಯ, ನೋವಿಗೆಂದು ಅಂಗಡಿಯಿಂದ ತಂದ ಗುಳಿಗೆಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು, ಅವರನ್ನು ಚೆನ್ನಾಗಿ ಬಲ್ಲ ಒಬ್ಬ ವೈದ್ಯರ ಮುಂದೆ ಸುರಿಯಿರಿ. ಒಂದೊಂದನ್ನೂ ತೋರಿಸಿ, ಇದು ಯಾವುದಕ್ಕೆ, ಇನ್ನೂ ಬೇಕೇ ಎಂದು ಕೇಳಿರಿ. ಉತ್ತರವನ್ನು ಚೀಟಿಯಲ್ಲಿಯೇ ಬರೆಸಿಕೊಳ್ಳಿರಿ. ಮುಂದಿನ ಆಸ್ಪತ್ರೆಗೆ ಹೋಗುವಾಗ ಆ ಚೀಟಿ ಮೊದಲು ಕೈಯಲ್ಲಿರಲಿ.