ಫ್ರೀ ಬುಕ್ ಅಂದ್ರೆ ಬರೀ ದುಡ್ಡಿನ ಮಾತಲ್ಲ

(1/4)
ಸೆಮಿಸ್ಟರ್ ಶುರುವಾದ ವಾರ ಕ್ಲಾಸ್ ಗ್ರೂಪಲ್ಲಿ ಬರೋ ಮೊದಲ ಮೆಸೇಜ್ ಯಾವುದು ಹೇಳಿ? "ಎಕನಾಮಿಕ್ಸ್ ಗೈಡ್ ಯಾರತ್ರ ಇದೆ?" ಸೀನಿಯರ್ಸ್ ಹತ್ರ ಇಸ್ಕೊಳ್ಳೋಣ ಅಂದ್ರೆ ಅದೂ ಆಗಲ್ಲ. 2024ರಲ್ಲಿ ಸರ್ಕಾರ ನಾಲ್ಕು ವರ್ಷದ ಎನ್‌ಇಪಿ ಡಿಗ್ರಿ ಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂತು, ಸಿಲೆಬಸ್ ಬದಲಾಯ್ತು, ಅವರ ಪುಸ್ತಕ ರದ್ದಿ ಅಂಗಡಿಗೆ ಹೋಯ್ತು. ನಾನು ಹೊಸದು ತಗೊಂಡೆ. ತೆರೆದು ನೋಡಿದ್ರೆ ಅದೇ ಹಳೇ ಚಾಪ್ಟರ್‌ಗಳು, ನಂಬರ್ ಮಾತ್ರ ಹಿಂದೆಮುಂದೆ. ಡಿಮ್ಯಾಂಡ್ ಅಂದ್ರೇನು, ಐದು ಪಾಯಿಂಟ್. ಅದರ ವಿಧಗಳು, ಆರು ಪಾಯಿಂಟ್. ಇದನ್ನ ಟೆಕ್ಸ್ಟ್‌ಬುಕ್ ಅಂತ ಕರೀಬೇಡಿ ಪ್ಲೀಸ್.

(2/4)
ಅಮೆರಿಕದ ರೈಸ್ ಯೂನಿವರ್ಸಿಟಿಯ ಓಪನ್‌ಸ್ಟ್ಯಾಕ್ಸ್ 2012ರಿಂದ ಡಿಗ್ರಿ ಪುಸ್ತಕಗಳನ್ನ ನೆಟ್ಟಲ್ಲಿ ಫ್ರೀಯಾಗಿ ಕೊಡ್ತಿದೆ. ಸೋಷಿಯಾಲಜಿ, ಎಕನಾಮಿಕ್ಸ್, ಸೈಕಾಲಜಿ ಎಲ್ಲಾ ಇದೆ. "ಫೋನಲ್ಲಿ ಓದಿದ್ರೆ ತಲೆಗೆ ಹತ್ತಲ್ಲ" ಅಂತೀರಾ? ಒಪ್ತೀನಿ, ನನಗೂ ಹತ್ತಲ್ಲ. ಬೇಕಾದ ಚಾಪ್ಟರ್ ಪ್ರಿಂಟ್ ಹಾಕಿಸ್ಕೊಳ್ಳಿ, ಯಾರನ್ನೂ ಕೇಳಬೇಕಾಗಿಲ್ಲ.

(3/4)
ಆದ್ರೆ ಫ್ರೀ ಅಂತ ಕುಣಿಯೋರಿಗೂ ಒಂದು ಮಾತು. ಆ ಎಕನಾಮಿಕ್ಸ್ ಪುಸ್ತಕದಲ್ಲಿ ಡಿಮ್ಯಾಂಡ್-ಸಪ್ಲೈ ಉದಾಹರಣೆ ಏನು ಗೊತ್ತಾ? ಪೆಟ್ರೋಲ್, ಅದೂ ಗ್ಯಾಲನ್ ಲೆಕ್ಕದಲ್ಲಿ. ನಮ್ಮ ಕೋಲಾರದ ಎಪಿಎಂಸಿಯಲ್ಲಿ 2023ರ ಜುಲೈನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದೇ ಟೊಮೆಟೊವನ್ನ ರೇಟ್ ಇಲ್ಲ ಅಂತ ರಸ್ತೆಗೆ ಸುರಿದಿದ್ದನ್ನೂ ನೋಡಿದೀವಿ. ಇದಕ್ಕಿಂತ ಒಳ್ಳೇ ಚಾಪ್ಟರ್ ಯಾವ ದೇಶದಲ್ಲಿದೆ?

ಇನ್ನು ಇಂಗ್ಲಿಷ್. ಮುಳಬಾಗಿಲು ಕಡೆ ಎಷ್ಟೋ ಜನರ ಮನೆಯಲ್ಲಿ ತೆಲುಗು, ಪಿಯುಸಿವರೆಗೂ ಕನ್ನಡ ಮೀಡಿಯಂ, ಡಿಗ್ರಿಗೆ ಬಂದ ತಕ್ಷಣ 800 ಪುಟದ ಇಂಗ್ಲಿಷ್. ಅವರು ಗೈಡ್ ಹಿಡಿಯೋದು ಸೋಮಾರಿತನದಿಂದ ಅಲ್ಲ.

"ಜೆರಾಕ್ಸ್ ಇದೆಯಲ್ಲ, ಸಾಕು ಬಿಡು" ಅನ್ನೋರೂ ಇದಾರೆ. ಜೆರಾಕ್ಸಿಗೂ ಒಂದು ಕಥೆ ಇದೆ: 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಪ್ರಕಾಶಕರು ದೆಹಲಿ ಯೂನಿವರ್ಸಿಟಿಯ ಒಂದು ಜೆರಾಕ್ಸ್ ಅಂಗಡಿ ಮೇಲೆ ಕೇಸ್ ಹಾಕಿದ್ರು. 2016ರಲ್ಲಿ ಹೈಕೋರ್ಟ್ ಅಂಗಡಿ ಪರ ನಿಂತಿತು, 2017ರಲ್ಲಿ ಪ್ರಕಾಶಕರೇ ಕೇಸ್ ವಾಪಸ್ ತಗೊಂಡ್ರು. ಸಂತೋಷ. ಆದ್ರೆ ಜೆರಾಕ್ಸಲ್ಲಿ ಪುಸ್ತಕ ಅಗ್ಗ ಆಗುತ್ತೆ ಅಷ್ಟೇ, ಒಂದು ಸಾಲೂ ನಮ್ಮದಾಗಲ್ಲ. ಓಪನ್‌ಸ್ಟ್ಯಾಕ್ಸ್ ಲೈಸೆನ್ಸ್ ಬೇರೆ ಥರ. ಮೂಲ ಯಾವುದು ಅಂತ ಹೆಸರು ಹೇಳಿ, ಮಾರದೆ ಹಂಚಿದ್ರೆ, ಕನ್ನಡಕ್ಕೆ ತರಬಹುದು, ಪೆಟ್ರೋಲ್ ತೆಗೆದು ಟೊಮೆಟೊ ಹಾಕಬಹುದು. (ಎಲ್ಲಾ ಫ್ರೀ ಪುಸ್ತಕಕ್ಕೂ ಈ ಪರ್ಮಿಷನ್ ಇರಲ್ಲ, ಮೊದಲು ಲೈಸೆನ್ಸ್ ಪುಟ ಓದಿ.)

(4/4)
ಹಾಗಾದ್ರೆ ಯಾಕೆ ಯಾರೂ ಮಾಡ್ತಿಲ್ಲ? ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇರೋದು ನಮ್ಮ ಟಮಕದಲ್ಲೇ. ಎಕನಾಮಿಕ್ಸ್, ಸೋಷಿಯಾಲಜಿ ಮೇಷ್ಟ್ರುಗಳು ಆರೂ ತಾಲ್ಲೂಕಲ್ಲಿದಾರೆ, ಕ್ಲಾಸಲ್ಲಿ ಟೊಮೆಟೊ ಕಥೆ ಚೆನ್ನಾಗೇ ಹೇಳ್ತಾರೆ. ಸರ್, ಮೇಡಂ, ಅದನ್ನೇ ಬರೆದುಕೊಡಿ. ಕ್ವೆಶ್ಚನ್ ಪೇಪರಲ್ಲೂ ಒಂದು ಪ್ರಶ್ನೆ ಅದರ ಮೇಲೆ ಬರಲಿ. ಪೇಪರ್ ಗೈಡಿನ ಭಾಷೆಯಲ್ಲೇ ಇರೋವರೆಗೂ ನಾವು ಗೈಡೇ ಕೊಳ್ತೀವಿ.

ಅಲ್ಲಿವರೆಗೂ ಕಾಯ್ತಾ ಕೂರಲ್ಲ. ಡಿಮ್ಯಾಂಡ್-ಸಪ್ಲೈ ಚಾಪ್ಟರ್ ಈ ಭಾನುವಾರ ಶುರು ಮಾಡ್ತಿದೀನಿ. ನನ್ನ ಕನ್ನಡ ತಪ್ಪಿದ್ರೆ ತಿದ್ದಿ. ಟೊಮೆಟೊ ನಂದು. ಶ್ರೀನಿವಾಸಪುರದವರು ಮಾವಿನಕಾಯಿ ರೇಟ್ ತನ್ನಿ, ಮಾಲೂರಿನವರು ಹೆಂಚಿನ ಫ್ಯಾಕ್ಟರಿ ಲೆಕ್ಕ ತನ್ನಿ. ಡಿಎಂ ಓಪನ್ ಇದೆ.