‘ಮಾಡಬಹುದು’ ಎಂಬ ಮಾತಿನ ಮರೆಯಲ್ಲಿ

ಕಾಯಿದೆಯ ಭಾಷೆಯಲ್ಲಿ ‘ಮಾಡತಕ್ಕದ್ದು’ ಎಂಬುದಕ್ಕೂ ‘ಮಾಡಬಹುದು’ ಎಂಬುದಕ್ಕೂ ಇರುವ ಅಂತರವನ್ನು ವಕೀಲರಷ್ಟೇ ಬಲ್ಲರೆಂದಲ್ಲ. ಕೈಸಾಲ ಕೊಟ್ಟು ಕೈ ಸುಟ್ಟುಕೊಂಡ ಪ್ರತಿಯೊಬ್ಬ ಗೃಹಸ್ಥನೂ ಬಲ್ಲನು. ‘ಕೊಡುತ್ತೇನೆ’ ಎಂದು ಬರೆದುಕೊಟ್ಟವನ ಮೇಲೆ ದಾವೆ ಹೂಡಬಹುದು. ‘ಕೊಡಬಹುದು, ನೋಡೋಣ’ ಎಂದವನ ಮೇಲೆ ಹೂಡುವುದೇನನ್ನು? 2009ರ ಶಿಕ್ಷಣ ಹಕ್ಕಿನ ಕಾಯಿದೆಯ 11ನೆಯ ಪ್ರಕರಣವನ್ನು ವಾಚಕರು ಒಮ್ಮೆ ಓದಿ ನೋಡಬೇಕು. ಮೂರು ವರ್ಷ ದಾಟಿದ, ಆರು ತುಂಬದ ಮಕ್ಕಳಿಗೆ ಉಚಿತವಾದ ಶಾಲಾಪೂರ್ವ ಶಿಕ್ಷಣದ ಏರ್ಪಾಡನ್ನು ಸರಕಾರವು ‘ಮಾಡಬಹುದು’ ಎಂದು ಅಲ್ಲಿದೆ. ಮಾಡದಿದ್ದರೆ? ಆ ಪ್ರಶ್ನೆಗೆ ಪ್ರಕರಣವು ಮೌನವಾಗಿದೆ.

ಈ ಮೌನವು ಮೊದಲಿನಿಂದ ಇದ್ದುದಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 45ನೆಯ ಅನುಚ್ಛೇದವು, ಹದಿನಾಲ್ಕು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕೊಡಲು ರಾಜ್ಯವು ಯತ್ನಿಸಬೇಕೆಂದು ವಿಧಿಸಿತ್ತು. ಅದರಲ್ಲಿ ಮೇಲಿನ ಗಡಿಯಿತ್ತೇ ಹೊರತು ಕೆಳಗಿನ ಗಡಿ ಇರಲಿಲ್ಲ. ಮೂರು ವರ್ಷದ ಕೂಸೂ ಆ ಮಾತಿನೊಳಗೆ ಇತ್ತು. 1993ರಲ್ಲಿ ಉನ್ನಿಕೃಷ್ಣನ್ ಮೊಕದ್ದಮೆಯ ತೀರ್ಪು ಆ ಮಾತಿಗೆ ಮೂಲಭೂತ ಹಕ್ಕಿನ ಬಲವನ್ನೂ ಕೊಟ್ಟಿತು. 2002ರ 86ನೆಯ ತಿದ್ದುಪಡಿಯು ಬಂದಾಗ ದೇಶವೆಲ್ಲ ಹರ್ಷಿಸಿತು. ಆದರೆ ಆ ಹರ್ಷದ ಗದ್ದಲದಲ್ಲಿ ನಡೆದುದೇನು? ಹಕ್ಕು ಆರರಿಂದ ಹದಿನಾಲ್ಕರವರೆಗಿನವರಿಗೆ ಮಾತ್ರ ಎಂದು 21ಎ ಅನುಚ್ಛೇದದಲ್ಲಿ ಗೆರೆ ಎಳೆಯಲಾಯಿತು. ಆರರ ಒಳಗಿನವರನ್ನು ಎತ್ತಿ, ‘ರಾಜ್ಯವು ಯತ್ನಿಸತಕ್ಕದ್ದು’ ಎಂಬ ನಿರ್ದೇಶನದ ಅಟ್ಟದ ಮೇಲೆ ಇಡಲಾಯಿತು. ಅಣ್ಣನಿಗೆ ಪಾಲು ಬರೆದು, ತಮ್ಮನಿಗೆ ಆಶೀರ್ವಾದ ಮಾಡಿದಂತಾಯಿತು!

ಇನ್ನೊಂದು ವಿನೋದವನ್ನು ನೋಡಿರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು, ಮಗುವಿನ ಮಿದುಳಿನ ಬೆಳವಣಿಗೆಯಲ್ಲಿ ನೂರಕ್ಕೆ 85ಕ್ಕೂ ಮಿಕ್ಕ ಪಾಲು ಆರು ವರ್ಷಗಳೊಳಗೇ ಆಗಿಹೋಗುತ್ತದೆಂದು ಸಾರುತ್ತದೆ. ಹಕ್ಕು ಹುಟ್ಟುವುದು ಮಾತ್ರ ಆರನೆಯ ವರ್ಷದಲ್ಲಿ. ಅಂದರೆ ನೂರರಲ್ಲಿ 85 ಪಾಲು ಕೆಲಸ ಮುಗಿದ ಮೇಲೆ ಕಾಯಿದೆಯು ಕಣ್ಣು ತೆರೆಯುತ್ತದೆ.

‘ಕೂಸು ತಾಯಿಯ ಮಡಿಲಲ್ಲಿ ಬೆಳೆಯಲಿ, ಅದಕ್ಕೇಕೆ ಸರಕಾರ?’ ಎನ್ನುವ ಮಹನೀಯರಿದ್ದಾರೆ. ಬೆಳಗಾಗುವ ಮೊದಲೇ ಕಳೆ ಕೀಳಲು ಹೊರಟ ತಾಯಿಯ ಮಡಿಲು ಎಲ್ಲಿದೆಯೆಂದು ಅವರು ಹೊಲಕ್ಕೆ ಹೋಗಿ ವಿಚಾರಿಸಿಕೊಳ್ಳಬೇಕು. ‘ಊಟ, ಮೊಟ್ಟೆ ಕೊಟ್ಟರೆ ಸಾಲದೇ?’ ಎಂಬ ಇನ್ನೊಂದು ಪಕ್ಷವೂ ಉಂಟು. ಇವರಿಗೆ ಉತ್ತರವು ಜಮೈಕಾ ದ್ವೀಪದಲ್ಲಿದೆ. 1986-87ರಲ್ಲಿ ಅಲ್ಲಿಯ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಕೂಸುಗಳನ್ನು ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆಯೂ ಅವಳ ಸಂಗಡಿಗರೂ ಆರಿಸಿಕೊಂಡರು. ಕೆಲವರಿಗೆ ಹಾಲಿನ ಪುಡಿ ಮಾತ್ರ, ಕೆಲವರಿಗೆ ವಾರಕ್ಕೊಂದು ತಾಸು ಕಾರ್ಯಕರ್ತೆಯೊಬ್ಬಳು ಮನೆಗೇ ಬಂದು, ಕೈಯಿಂದ ಮಾಡಿದ ಆಟಿಗೆಗಳಿಂದ ಮಗುವನ್ನು ಆಡಿಸಿ, ಮಾತನಾಡಿಸಿ, ತಾಯಿಗೂ ಆ ರೀತಿಯನ್ನು ತೋರಿಸಿಕೊಡುವಳು, ಕೆಲವರಿಗೆ ಎರಡೂ, ಉಳಿದವರಿಗೆ ಯಾವುದೂ ಇಲ್ಲ. ಇದು ನಡೆದದ್ದು ಎರಡೇ ವರ್ಷ. ಇಪ್ಪತ್ತು ವರ್ಷಗಳ ತರುವಾಯ ಹುಡುಕಿ ನೋಡಿದಾಗ, ಆಟ ಮಾತುಗಳ ಪಾಲು ಪಡೆದವರ ಗಳಿಕೆಯು ಅದಿಲ್ಲದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಾಗಿತ್ತು. ಬರಿಯ ಹಾಲಿನಿಂದ ಗಳಿಕೆಯಲ್ಲಿ ಅಂಥ ಫಲ ಕಾಣಲಿಲ್ಲ. ಹಾಲು ಬೇಡವೆಂದು ಇದರ ಅರ್ಥವಲ್ಲ. ಹಾಲಿನ ಬಟ್ಟಲನ್ನು ಕೊಟ್ಟು ಕೈತೊಳೆದುಕೊಳ್ಳಬೇಡಿರೆಂದು ಅರ್ಥ.

ಅಮೇರಿಕೆಯ ಯಿಪ್ಸಿಲಾಂಟಿಯಲ್ಲಿ 1962ರಿಂದ 67ರವರೆಗೆ 123 ಬಡ ಮಕ್ಕಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗವೂ ಇಂಥದೇ. ಒಂದು ಗುಂಪಿಗೆ ಒಳ್ಳೆಯ ಶಿಶುಶಾಲೆ, ಇನ್ನೊಂದಕ್ಕೆ ಇಲ್ಲ. ನಲವತ್ತನೆಯ ವಯಸ್ಸಿಗೆ ಎಣಿಸಿದರೆ, ಐದು ಸಲವೋ ಹೆಚ್ಚೋ ದಸ್ತಗಿರಿಯಾದವರು ಶಿಶುಶಾಲೆಯವರಲ್ಲಿ ನೂರಕ್ಕೆ 36, ಉಳಿದವರಲ್ಲಿ 55. ಗುಂಪು ಚಿಕ್ಕದು, ಒಪ್ಪುತ್ತೇನೆ. ಆದರೂ ಕೋರ್ಟಿನ ಕಟ್ಟೆಯ ಮೇಲೆ ದಿನ ಕಳೆಯುವ ನಮ್ಮಂಥವರು ಆ ಎರಡು ಅಂಕಿಗಳನ್ನು ಸುಲಭವಾಗಿ ಮರೆಯಲಾರೆವು.

ಇದೆಲ್ಲ ಪರದೇಶದ ಹುಚ್ಚೆಂದು ಹೇಳುವವರು ಗಿಜುಭಾಯಿ ಬಧೇಕಾ ಅವರನ್ನು ಮರೆತಿದ್ದಾರೆ. ಅವರೂ ವಕೀಲರೇ! ವಕೀಲಿಯನ್ನು ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿ, 1920ರಲ್ಲಿ ಬಾಲಮಂದಿರವನ್ನು ತೆರೆದರು. ಜನರು ಅವರನ್ನು ‘ಮೀಸೆಯ ತಾಯಿ’ ಎಂದು ಕರೆದರು. ಅವರ ಸಹಕಾರಿಣಿ ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯಲ್ಲೂ ಆಮೇಲೆ ಕೋಸಬಾಡದಲ್ಲೂ ಇದೇ ಕೆಲಸವನ್ನು ಹಳ್ಳಿಯ ಹಾಗೂ ಗುಡ್ಡಗಾಡಿನ ಬಡವರ ಅಂಗಳಕ್ಕೆ ಒಯ್ದರು. ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಬಳಿಗೆ ಹೋಗಬೇಕೆಂಬುದು ಅವರ ಹಟ. ‘ಅಂಗನವಾಡಿ’ ಎಂಬ ಹೆಸರು ಆ ಅಂಗಳದಿಂದ ಬಂದುದು. 1975ರ ಅಕ್ಟೋಬರ 2ರಂದು ಭಾರತ ಸರಕಾರವು 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ, ಕನ್ನಡನಾಡಿನ ಪಾಲಿಗೆ ಬಂದುದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಈಗ ಕರ್ನಾಟಕದಲ್ಲಿ 65 ಸಾವಿರಕ್ಕೂ ಮಿಕ್ಕಿ ಅಂಗನವಾಡಿಗಳಿವೆ.

ಅಂಗಳವೇನೋ ಇದೆ, ಅಲ್ಲಿ ಆಡಿಸುವವಳಿಗೆ ಬಿಡುವೆಲ್ಲಿ? ಕೂಸುಗಳನ್ನು ತೂಗುವುದು, ಆಹಾರ ಹಂಚುವುದು, ಚುಚ್ಚುಮದ್ದಿಗೆ ತಾಯಂದಿರನ್ನು ಕರೆತರುವುದು, ದಾಖಲೆ ಪುಸ್ತಕಗಳು, ಅವು ಸಾಲದೆಂದು ಮೊಬೈಲಿನಲ್ಲಿ ಮತ್ತೆ ಅದೇ ಲೆಕ್ಕ, ಅನೇಕ ಕಡೆ ಮತದಾರರ ಯಾದಿಯ ಕೆಲಸ. ಇಷ್ಟರ ನಡುವೆ ಪಾಠಕ್ಕೆ ಉಳಿಯುವ ಹೊತ್ತೆಷ್ಟು? ನೆರೆಯ ತಮಿಳುನಾಡಿನ 320 ಕೇಂದ್ರಗಳಲ್ಲಿ ಇದನ್ನೇ ಪರೀಕ್ಷಿಸಿದರು. ಚೀಟಿ ಎತ್ತಿ ಅರ್ಧದಷ್ಟು ಕೇಂದ್ರಗಳಿಗೆ ಅರ್ಧ ದಿನದ ಒಬ್ಬ ಶಿಕ್ಷಕಿಯನ್ನು ಹೆಚ್ಚಾಗಿ ಕೊಟ್ಟರು. ಕಲಿಕೆಯ ಹೊತ್ತು ಇಮ್ಮಡಿಯಾಯಿತು. ಮಕ್ಕಳು ಗಣಿತದಲ್ಲಿಯೂ ಭಾಷೆಯಲ್ಲಿಯೂ ಮುಂದಾದರು. ಹಳೆಯ ಕಾರ್ಯಕರ್ತೆಗೆ ಆರೋಗ್ಯದ ಕೆಲಸಕ್ಕೆ ಬಿಡುವು ಸಿಕ್ಕಿದ್ದರಿಂದ ಕುಂಠಿತ ಬೆಳವಣಿಗೆಯೂ ತೀವ್ರ ಅಪೌಷ್ಟಿಕತೆಯೂ ತಗ್ಗಿದವು. ಹೀಗಿರಲು, ಒಬ್ಬಳ ತಲೆಯ ಮೇಲೆ ಇಬ್ಬರ ಹೊರೆ ಹೊರಿಸಿ ‘ಅಂಗನವಾಡಿಯಲ್ಲಿ ಏನೂ ಕಲಿಸುವುದಿಲ್ಲ’ ಎಂದು ದೂರುವುದು ಯಾವ ನ್ಯಾಯ?

ಮೇಲಾಗಿ ಆಕೆಗೆ ಕೊಡುವುದು ಸಂಬಳವಲ್ಲ, ‘ಗೌರವಧನ’. ಕರ್ನಾಟಕದ್ದೇ ಒಂದು ಅಪೀಲಿನಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ಆಕೆಯದು ಸರಕಾರಿ ಹುದ್ದೆಯಲ್ಲವೆಂದಿತು. 2022ರ ಏಪ್ರಿಲಿನಲ್ಲಿ ಅದೇ ಕೋರ್ಟು ಗುಜರಾತದ ಕಾರ್ಯಕರ್ತೆಯರ ಮೊಕದ್ದಮೆಯಲ್ಲಿ, ಗ್ರಾಚ್ಯುಟಿಗೆ ಅವಳು ಅರ್ಹಳೆಂದು ತೀರ್ಪಿತ್ತಿತು. ಇಷ್ಟಕ್ಕಾಗಿ ಅವಳು ದಿಲ್ಲಿಯ ಬಾಗಿಲನ್ನು ತಟ್ಟಬೇಕಾಯಿತಲ್ಲ!

ಪಟ್ಟಣಿಗರಾದ ನಾವೂ ನಿರ್ದೋಷಿಗಳಲ್ಲ. ಮೂರು ವರ್ಷದ ಮಗುವಿನ ಕೊರಳಿಗೆ ಟೈ ಕಟ್ಟಿ, ಮನೆಯಲ್ಲಿ ಯಾರೂ ಆಡದ ಭಾಷೆಯ ಅಕ್ಷರಗಳನ್ನು ತಿದ್ದಿಸುವ ಅಂಗಡಿಗಳಿಗೆ ಹಣ ತೆತ್ತು, ಅದಕ್ಕೇ ಶಿಕ್ಷಣವೆಂದು ಹೆಸರಿಟ್ಟವರು ನಾವೇ. ಕನ್ನಡದಲ್ಲಿ ಕಥೆ ಕೇಳಿ, ಕನ್ನಡದಲ್ಲಿ ಜಗಳವಾಡಿ, ಕಲ್ಲು ಬೀಜಗಳನ್ನು ಎಣಿಸಿ ಬೆಳೆದ ಕೂಸಿಗೆ ಅಕ್ಷರವು ತಾನಾಗಿ ಒಲಿಯುತ್ತದೆಂಬುದನ್ನು ಒಂದನೆಯ ಇಯತ್ತೆಯ ಗುರುಗಳು ನಮಗಿಂತ ಚೆನ್ನಾಗಿ ಬಲ್ಲರು. ಪಾಲಕರ ಮುಂದೆ ಅದನ್ನು ಗಟ್ಟಿಯಾಗಿ ಹೇಳುವವರು ಮಾತ್ರ ವಿರಳ.

ಈಗ ಮಾಡಬೇಕಾದುದೇನು? ಶಿಕ್ಷಣವು 1977ರಿಂದ ಸಮವರ್ತಿ ಪಟ್ಟಿಯಲ್ಲಿದೆ. ಆದ್ದರಿಂದ 11ನೆಯ ಪ್ರಕರಣದ ‘ಬಹುದು’ ಎಂಬುದನ್ನು ಈ ರಾಜ್ಯದ ಮಟ್ಟಿಗೆ ‘ತಕ್ಕದ್ದು’ ಎಂದು ತಿದ್ದಲು ನಮ್ಮ ವಿಧಾನಮಂಡಲಕ್ಕೆ ದಾರಿಯಿದೆ. ಕೇಂದ್ರದ ಕಾಯಿದೆಗೆ ವಿರೋಧ ಬಂದೀತೆಂಬ ಶಂಕೆಯಿದ್ದರೆ 254ನೆಯ ಅನುಚ್ಛೇದದಂತೆ ರಾಷ್ಟ್ರಪತಿಗಳ ಒಪ್ಪಿಗೆ ಪಡೆಯಬಹುದು. ಜೊತೆಗೆ ಪ್ರತಿ ಅಂಗನವಾಡಿಗೆ ಕಲಿಸುವುದಕ್ಕೆಂದೇ ಎರಡನೆಯ ಒಬ್ಬಳನ್ನು ನೇಮಿಸಬೇಕೆಂಬ ಒಂದು ವಾಕ್ಯವನ್ನು ಸೇರಿಸಲಿ. ಮಸೂದೆಯು ಒಂದು ಪುಟವನ್ನು ಮೀರಲಾರದು. ನಿಮ್ಮ ಕ್ಷೇತ್ರದ ಸದಸ್ಯರು ಮುಂದಿನ ಸಲ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಾಗ, ಹಾರ ಹಾಕುವುದಕ್ಕೆ ಮೊದಲು, ಅದನ್ನು ಮಂಡಿಸುವಿರಾ ಇಲ್ಲವೇ ಎಂದು ಕೇಳಿರಿ.