ಹಂದಿ ಹೊಡೆಯಲು ಆದೇಶವಿದೆ, ಗಾಡಿಯಲ್ಲಿ ಅಟ್ಟಲು ಇಲ್ಲ

ಕಾಸರಗೋಡಿನ ಮಲೆಬದಿಯ ಪಂಚಾಯತ್‌ಗಳಲ್ಲಿ ಕಾಡುಹಂದಿಯ ಉಪದ್ರ ಏನೆಂದು ಕಾರಡ್ಕ, ದೇಲಂಪಾಡಿ, ಕುತ್ತಿಕ್ಕೋಲು ಕಡೆಯ ಕೃಷಿಕರನ್ನು ಕೇಳಬೇಕು. ಮರಗೆಣಸು, ಬಾಳೆ, ಎಳೆ ಅಡಿಕೆ ಸಸಿ ಯಾವುದನ್ನೂ ಅದು ಬಿಡುವುದಿಲ್ಲ. ರಾತ್ರಿ ಬೈಕಿನಲ್ಲಿ ಬರುವವನಿಗೆ ಅಡ್ಡ ಹಾರಿ ಬೀಳಿಸುವುದು ಬೇರೆ. ಹೀಗಾಗಿ 2022ರ ಮೇಯಲ್ಲಿ ಕೇರಳ ಸರಕಾರ ಕಾಡುಹಂದಿ ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಸ್ಥಳೀಯಾಡಳಿತ ಸಂಸ್ಥೆಗಳ ಮುಖ್ಯಸ್ಥರ ಕೈಗೆ ಕೊಟ್ಟಾಗ ಎಲ್ಲರೂ ಸ್ವಾಗತಿಸಿದರು. ಅರಣ್ಯಾಧಿಕಾರಿಯ ಸಹಿಗಾಗಿ ವಾರಗಟ್ಟಲೆ ಕಾಯುವ ಕೆಲಸ ತಪ್ಪಿತು.

ಆದರೆ ಈ ಆದೇಶದ ನೆರಳಿನಲ್ಲಿ ಇನ್ನೊಂದು ಅಭ್ಯಾಸವೂ ಬೆಳೆಯುತ್ತಿದೆ. ಟಯರು ಬದಲಿಸಿದ ಜೀಪು, ಮೇಲೆ ಸಾಲಾಗಿ ಎಲ್‌ಇಡಿ ಲೈಟು, ಹಿಂದೆ ನಾಲ್ಕೈದು ಹುಡುಗರು. ಈಗೀಗ ಕೈಯಲ್ಲಿ ಕಾಸಿದ್ದವರು ಎಟಿವಿಯ ಬಗ್ಗೆಯೂ ಮಾತಾಡುತ್ತಾರೆ. ಅದೇ, ದಪ್ಪ ಟಯರಿನ ನಾಲ್ಕು ಚಕ್ರದ, ಬೈಕಿನ ಹಾಗೆ ಹ್ಯಾಂಡಲ್ ಇರುವ ಗಾಡಿ. ದುಬೈಯಿಂದ ಹತ್ತಾಕ್ಕೆ ಹೋಗುವ ದಾರಿಯ ಕೆಂಪು ಮರಳದಿಬ್ಬದಲ್ಲಿ ಒಮ್ಮೆಯಾದರೂ ಅದನ್ನು ಓಡಿಸದ ಗಲ್ಫ್‌ನವರು ನಮ್ಮಲ್ಲಿ ಕಡಿಮೆ. ಊರಿಗೆ ಬಂದಾಗ, 'ತೋಟಕ್ಕೂ ಆಯಿತು, ಹಂದಿ ಓಡಿಸುವುದಕ್ಕೂ ಆಯಿತು, ಒಂದು ತೆಗೆದುಕೊಂಡರೆ ಹೇಗೆ?' ಎಂಬ ಲೆಕ್ಕಾಚಾರ.

ತೋಟಕ್ಕೆ ಆಗುತ್ತದೆ, ಸುಳ್ಳಲ್ಲ. ಜೀಪು ನುಗ್ಗದ ಕಣಿಯಲ್ಲೂ ಎಟಿವಿ ನುಗ್ಗುತ್ತದೆ, ಗೊಬ್ಬರದ ಗೋಣಿ ಎಳೆಯುತ್ತದೆ. ಹೊಂಡಾ ಕಂಪೆನಿ 1970ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಿಟ್ಟ ಮೂರು ಚಕ್ರದ ಗಾಡಿಯೇ ಇದರ ಅಜ್ಜ. ಮೊದಲು ಆಟಕ್ಕೆಂದು ಬಂದದ್ದು, ಆಮೇಲೆ ಕೃಷಿಕರ ಮತ್ತು ಬೇಟೆಗಾರರ ಗಾಡಿಯಾಯಿತು. ಆದರೆ ಮಗುಚಿ ಬೀಳುವುದು ಎಷ್ಟು ಹೆಚ್ಚಾಯಿತೆಂದರೆ, 1988ರಲ್ಲಿ ಅಲ್ಲಿನ ಸರಕಾರದ ಜೊತೆ ಒಪ್ಪಂದವಾಗಿ ಕಂಪೆನಿಗಳು ಮೂರು ಚಕ್ರದ್ದನ್ನು ಮಾರುವುದನ್ನೇ ನಿಲ್ಲಿಸಬೇಕಾಯಿತು. ನಾಲ್ಕು ಚಕ್ರದ್ದು ಅದಕ್ಕಿಂತ ವಾಸಿ, ಅಷ್ಟೇ. ಇಳಿಜಾರಿನಲ್ಲಿ ಮಗುಚಿದರೆ ಕ್ವಿಂಟಾಲ್‌ಗಟ್ಟಲೆ ತೂಕದ ಗಾಡಿ ಸವಾರನ ಎದೆಯ ಮೇಲೆಯೇ ಬರುತ್ತದೆ. ನಮ್ಮ ಮುರಕಲ್ಲಿನ ಗುಡ್ಡದಲ್ಲಿ, ಮಳೆಗಾಲದ ರಾತ್ರಿಯಲ್ಲಿ, ಒಂದು ಕೈಯಲ್ಲಿ ತುಂಬಿದ ಕೋವಿ ಹಿಡಿದುಕೊಂಡು ಅದನ್ನು ಓಡಿಸುವುದನ್ನು ಸ್ವಲ್ಪ ಕಲ್ಪಿಸಿಕೊಳ್ಳಿ ಮಾರಾಯ್ರೇ.

ಅದಿರಲಿ. ಕಾನೂನಿಗೆ ಬರೋಣ, ಏಕೆಂದರೆ ಹೆಚ್ಚಿನವರಿಗೆ ತಪ್ಪು ಕಲ್ಪನೆ ಇರುವುದು ಅಲ್ಲಿಯೇ.

'ನಾವು ಹೊಡೆಯಲಿಲ್ಲ, ಸುಮ್ಮನೆ ಓಡಿಸಿದ್ದು' ಎಂಬುದು ಸಾಮಾನ್ಯ ಉತ್ತರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರ ಅಲ್ಲ. ಹಿಡಿಯುವುದು, ಅಟ್ಟುವುದು, ಆಮಿಷ ಒಡ್ಡುವುದು, ಇವುಗಳಿಗೆ ಪ್ರಯತ್ನಿಸುವುದು, ಎಲ್ಲವೂ ಬೇಟೆಯೇ. ಹಾಗಾದರೆ ಲೈಟು ಹಾಕಿ ಗಾಡಿಯಲ್ಲಿ ಬೆನ್ನಟ್ಟಿ, ಅದನ್ನೇ ಮೊಬೈಲ್‌ನಲ್ಲಿ ಚಿತ್ರೀಕರಿಸಿ ರೀಲ್ಸ್ ಹಾಕಿದವನು ತನ್ನ ವಿರುದ್ಧದ ಸಾಕ್ಷ್ಯವನ್ನು ತಾನೇ ತಯಾರಿಸಿ ಕೊಟ್ಟಂತಾಯಿತು.

ಮೊದಲು, ಪರವಾನಿಗೆ ಪಡೆದು ಬೇಟೆಯಾಡಲು ಅವಕಾಶವಿದ್ದ ಕಾಲದಲ್ಲೂ, ಚಕ್ರದ ವಾಹನದಿಂದ ಬೇಟೆಯಾಡುವುದನ್ನು ಇದೇ ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿತ್ತು. 1991ರ ತಿದ್ದುಪಡಿಯಲ್ಲಿ ಆ ಸೆಕ್ಷನ್ ಹೋಯಿತು. ಗಾಡಿಗೆ ವಿನಾಯಿತಿ ಕೊಡಲೆಂದು ಅಲ್ಲ, ಪರವಾನಿಗೆಯ ಬೇಟೆಯನ್ನೇ ನಿಲ್ಲಿಸಿದ್ದರಿಂದ ಅದು ಬೇಕಾಗಲಿಲ್ಲ. ನಿಷೇಧದ ಹಿಂದಿನ ಕಾರಣ ಇವತ್ತಿಗೂ ಸರಿಯೇ. ಪ್ರಾಣಿ ಮನುಷ್ಯನ ಕಾಲಸಪ್ಪಳ ಕೇಳಿದರೆ ಓಡುತ್ತದೆ. ಪ್ರಖರ ಬೆಳಕು ನೇರ ಕಣ್ಣಿಗೆ ಬಿದ್ದರೆ ಗಕ್ಕನೆ ನಿಂತು ಬಿಡುತ್ತದೆ. ಹಂದಿಯನ್ನು ಹುಡುಕುತ್ತಾ ಹೋದ ಲೈಟಿಗೆ ಸಿಗುವುದು ಹಂದಿ ಮಾತ್ರವೂ ಅಲ್ಲ. ಮೊಲ, ಕಾಡುಕುರಿ, ಬರಿಂಕ ಸಿಗುತ್ತವೆ. ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು: ಹಂದಿಮಾಂಸ ಮುಟ್ಟದ ಮನೆಯ ಹುಡುಗರು ರಾತ್ರಿಯಿಡೀ 'ಹಂದಿ ಬೇಟೆ'ಗೆ ಅಲೆದು ಬೆಳಿಗ್ಗೆ ಮಾಂಸದ ಚೀಲದೊಂದಿಗೆ ಬಂದರೆ ಅದು ಯಾವುದರ ಮಾಂಸ ಎಂದು ಮನೆಯವರು ಕೇಳುವುದಿಲ್ಲವೇ? ತಿನ್ನುವವರಿಗೂ ರಿಯಾಯಿತಿ ಇಲ್ಲ. ಪಂಚಾಯತ್ ಆದೇಶದಲ್ಲಿ ಕೊಂದ ಹಂದಿಯನ್ನೂ ನಿಯಮದಂತೆ ಹೂಳಬೇಕು, ಮಾಂಸ ಬಳಸುವಂತಿಲ್ಲ.

ಈಗ ಗಾಡಿಯ ವಿಷಯ. ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಅಪರಾಧಕ್ಕೆ ಬಳಸಿ ವಶವಾದ ವಾಹನ ಸರಕಾರದ ಸೊತ್ತು. ವಿಚಾರಣೆ ಮುಗಿಯುವ ಮೊದಲೇ ಹಾಗಾಗುವುದಿಲ್ಲ, ಷರತ್ತಿನ ಮೇಲೆ ಗಾಡಿಯನ್ನು ಮಧ್ಯಂತರವಾಗಿ ಬಿಟ್ಟುಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ ಎಂದು ಮಧ್ಯಪ್ರದೇಶದ ಮಧುಕರ್ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಸ್ಪಷ್ಟಪಡಿಸಿದೆ. ಆದರೂ ಅರ್ಜಿ, ಬಾಂಡು, ವಕೀಲರ ಫೀಸು ಎಂದು ತಿಂಗಳುಗಟ್ಟಲೆ ಠಾಣೆಯ ಹಿಂದೆ ಮಳೆಗೆ ನೆನೆಯುವುದು ಗಾಡಿಯೇ. ನಮ್ಮಲ್ಲಿ ಅದು ಹೆಚ್ಚಾಗಿ ತಮ್ಮ ಓಡಿಸುವ, ಗಲ್ಫ್‌ನಲ್ಲಿ ದುಡಿಯುವ ಅಣ್ಣನ ಹೆಸರಿನಲ್ಲಿ ಸಾಲದಲ್ಲಿರುವ ಗಾಡಿ.

ಎಟಿವಿಗೆ ಇನ್ನೂ ಒಂದು ತೊಡಕು. ಇಲ್ಲಿ ಮಾರುವ ಹೆಚ್ಚಿನ ಎಟಿವಿಗಳು ಖಾಸಗಿ ಜಾಗದಲ್ಲಿ ಓಡಿಸಲು ಮಾತ್ರ, ಆರ್‌ಟಿಒ ನೋಂದಣಿ ಇಲ್ಲ. ನೋಂದಣಿ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸುವಂತಿಲ್ಲ. ಒಂದು ತೋಟದಿಂದ ಇನ್ನೊಂದಕ್ಕೆ ಹೋಗಲು ಪಂಚಾಯತ್ ರಸ್ತೆ ದಾಟಿದರೂ ರಸ್ತೆ ರಸ್ತೆಯೇ. ಅಲ್ಲಿ ಯಾರಿಗಾದರೂ ಬಡಿದರೆ ಥರ್ಡ್ ಪಾರ್ಟಿ ವಿಮೆಯೂ ಇಲ್ಲ, ಪರಿಹಾರ ಸ್ವಂತ ಜೇಬಿನಿಂದ. ಜೀಪಿನವರೂ ಖುಷಿಪಡಬೇಕಾಗಿಲ್ಲ. ಕಂಪೆನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂಬ 2019ರ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು ಕೇರಳದ್ದೇ ಪ್ರಕರಣದಲ್ಲಿ.

ಗಡಿಯವರಾದ ನಮಗೆ ಮುಖ್ಯವಾದ ಪ್ರಶ್ನೆ ಬೇರೆ. ದೇಲಂಪಾಡಿಯ ತೋಟ ಮುಗಿಯುವಲ್ಲಿ ಸುಳ್ಯ ತಾಲೂಕು ಶುರು. ಹಂದಿಗೆ ಗಡಿ ಗೊತ್ತಿಲ್ಲ, ಗಾಡಿಗೂ ಗೊತ್ತಾಗುವುದಿಲ್ಲ. ಕೇರಳದ ಪಂಚಾಯತ್ ಅಧ್ಯಕ್ಷರ ಆದೇಶಕ್ಕೆ ತೋಡಿನ ಆಚೆ ಕವಡೆ ಕಿಮ್ಮತ್ತಿಲ್ಲ. ನಡೆದುಕೊಂಡು ಹೋಗುವ ಶೂಟರ್‌ಗೆ ತಾನು ಯಾರ ತೋಟದಲ್ಲಿದ್ದೇನೆ ಎಂಬುದು ತಿಳಿದಿರುತ್ತದೆ. ಗಾಡಿಯಲ್ಲಿ ಬೆನ್ನಟ್ಟುವವನು ಹತ್ತು ನಿಮಿಷದಲ್ಲಿ ಎರಡು ರಾಜ್ಯ, ಒಂದು ಮೀಸಲು ಅರಣ್ಯ ದಾಟಿರುತ್ತಾನೆ. ಪಾಣತ್ತೂರಿನಿಂದ ಮೇಲೆ ಹೋದರೆ ತಲಕಾವೇರಿ ಅಭಯಾರಣ್ಯವೂ ದೂರವಿಲ್ಲ. ಅಭಯಾರಣ್ಯದೊಳಗಿನ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ದುಡ್ಡಿದ್ದರೆ ಎಲ್ಲ ಸರಿಯಾಗುತ್ತದೆ ಎನ್ನುವವರು ಜೋಧ್‌ಪುರ ನೆನಪಿಸಿಕೊಳ್ಳಬಹುದು. 1998ರ ಅಕ್ಟೋಬರ್‌ನಲ್ಲಿ ಜಿಪ್ಸಿ ಗಾಡಿಯಲ್ಲಿ ರಾತ್ರಿ ಹೋಗಿ ಕೃಷ್ಣಮೃಗ ಹೊಡೆದ ಪ್ರಕರಣದಲ್ಲಿ ನಟ ಸಲ್ಮಾನ್ ಖಾನ್‌ಗೆ ವಿಚಾರಣಾ ನ್ಯಾಯಾಲಯ 5 ವರ್ಷದ ಶಿಕ್ಷೆ ಕೊಟ್ಟದ್ದು 2018ರಲ್ಲಿ. ಜಾಮೀನು, ಮೇಲ್ಮನವಿ ಎಂದು ಅದರ ನಂತರವೂ ಕೋರ್ಟು ತಪ್ಪಲಿಲ್ಲ.

ಇದೆಲ್ಲ ಹೇಳಿದ್ದು ಹಂದಿಯನ್ನು ಹಾಗೇ ಬಿಡಿ ಎಂದು ಅಲ್ಲ. ಗದ್ದೆ, ತೋಟ ಕಳಕೊಂಡವನಿಗೆ ಉಪದೇಶ ಯಾರಿಗೆ ಬೇಕು? ಕಾಡುಹಂದಿಯನ್ನು ಉಪದ್ರವಕಾರಿ ಪ್ರಾಣಿಯೆಂದು ಘೋಷಿಸಿ ಎಂದು ಕೇರಳ ಕೇಳಿದಾಗ ಕೇಂದ್ರ ಒಪ್ಪಲಿಲ್ಲ. ಪರವಾನಿಗೆಯ ಕೋವಿ ಇರುವ ಕೃಷಿಕ ಚುನಾವಣೆ ಬಂದರೆ ಅದನ್ನು ಠೇವಣಿ ಇಡಬೇಕು, ಅದೂ ಫಸಲಿನ ಹೊತ್ತಿಗೇ. ಕೋವಿ ಹಿಡಿಯಬಲ್ಲವರು ಊರಿಗೆ ಇಬ್ಬರೋ ಮೂವರೋ, ಅವರಿಗೂ ವಯಸ್ಸಾಗಿದೆ. ಆ ಜಾಗಕ್ಕೆ ಹುಡುಗರ ಜೀಪು ಬರುವುದು ಸಹಜ. ಅದನ್ನು ಬಯ್ದರೆ ಮಾತ್ರ ಆಗುವುದಿಲ್ಲ.

ಆದೇಶ ಕೊಡುವ ಪಂಚಾಯತ್ ಅದರಲ್ಲಿ ಇನ್ನೂ ನಾಲ್ಕು ಸಾಲು ಬರೆಯಲಿ: ಯಾವ ಸರ್ವೆ ನಂಬ್ರ, ಯಾವ ರಾತ್ರಿ, ಯಾರ ಕೋವಿ, ಗಾಡಿ ಎಲ್ಲಿಯ ತನಕ. ತೋಟದ ಗೇಟಿನ ತನಕ ಜೀಪಿನಲ್ಲಿ ಹೋಗಲು ಅಡ್ಡಿಯಿಲ್ಲ, ಅಲ್ಲಿಂದ ಮುಂದೆ ನಡಿಗೆ. ಪಕ್ಕದ ಮನೆಗಳಿಗೆ ಮೊದಲೇ ಸುದ್ದಿ ಮುಟ್ಟಿಸಲಿ, ಹಂದಿಯೆಂದು ತಿಳಿದು ಮನುಷ್ಯನಿಗೆ ಗುಂಡು ತಗುಲುವ ಸುದ್ದಿಗಳು ಸಾಕಷ್ಟಾಗಿವೆ. ಹೊಸಬರಿಗೆ ಆಸಕ್ತಿ ಇದ್ದರೆ ಪರವಾನಿಗೆ ಪಡೆದು ಪಂಚಾಯತ್‌ನ ಶೂಟರ್ ಪಟ್ಟಿಗೆ ಹೆಸರು ಕೊಡಲಿ. ಆ ದಾರಿ ತೆರೆದೇ ಇದೆ. ಒಮ್ಮೆ ವನ್ಯಜೀವಿ ಪ್ರಕರಣದಲ್ಲಿ ಶಿಕ್ಷೆಯಾಯಿತೋ, ಇರುವ ಕೋವಿಯ ಪರವಾನಿಗೆಯನ್ನು ಕೋರ್ಟು ರದ್ದು ಮಾಡಬಹುದು. ಹಾಗೆ ರದ್ದಾದರೆ 5 ವರ್ಷ ಹೊಸದೂ ಸಿಗುವುದಿಲ್ಲ. ಆಗ ತೋಟಕ್ಕೆ ನಿಜವಾಗಿಯೂ ಹಂದಿ ನುಗ್ಗಿದರೂ ಆ ಮನೆಯವರು ತಟ್ಟೆ ಬಡಿಯುತ್ತಾ ನಿಲ್ಲಬೇಕು.